ರ‍್ಯಾಂಕ್ ಡಿಸೆಂಬರಿಗೆ, ದುಡ್ಡು ಯಾವಾಗ?

ಡಿಸೆಂಬರಿನ ಮೊದಲ ಭಾನುವಾರ, ಮಧ್ಯಾಹ್ನ ಎರಡರಿಂದ ನಾಲ್ಕು. ದೇಶದ ಸುಮಾರು 25 ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ (ಎನ್‌ಎಲ್‌ಯು) ಯಾರು ಹೋಗುತ್ತಾರೆ ಎಂಬುದು ಈಚಿನ ವರ್ಷಗಳಲ್ಲಿ ಇತ್ಯರ್ಥವಾಗುತ್ತಿರುವುದು ಈ ಎರಡು ಗಂಟೆಗಳಲ್ಲಿ. ಪರೀಕ್ಷೆಯ ಹೆಸರು ಕ್ಲಾಟ್. 2023ರಲ್ಲಿ ಅದು ಡಿಸೆಂಬರ್ 3ಕ್ಕೆ ನಡೆಯಿತು, 2024ರಲ್ಲಿ ಡಿಸೆಂಬರ್ 1ಕ್ಕೆ, 2025ರಲ್ಲಿ ಡಿಸೆಂಬರ್ 7ಕ್ಕೆ. 120 ಪ್ರಶ್ನೆ, ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿದರೆ ಕಾಲು ಅಂಕ ಖೋತಾ. ನಮ್ಮ ದ್ವಿತೀಯ ಪಿಯುಸಿ ಮಕ್ಕಳಿಗೆ ಆ ಹೊತ್ತಿನಲ್ಲಿ ಪ್ರಿಪರೇಟರಿ ಎದುರಿಗೆ ನಿಂತಿರುತ್ತದೆ, ಎಷ್ಟೋ ಕಾಲೇಜುಗಳಲ್ಲಿ ಪಾಠವೇ ಮುಗಿದಿರುವುದಿಲ್ಲ.

ಕಾನೂನು ಓದಿನ ಬಗ್ಗೆ ಬರೆಯುವವನೆಂದು ಗೊತ್ತಾದ ಮೇಲೆ ನನಗೆ ಬರುವ ಫೋನುಗಳ ಸುಗ್ಗಿ ಏಪ್ರಿಲ್ ತಿಂಗಳು. ‘ಸರ್, ಮಗಳಿಗೆ ಪಿಯುಸಿಯಲ್ಲಿ ತೊಂಬತ್ತನಾಲ್ಕು ಪರ್ಸೆಂಟ್ ಬಂದಿದೆ. ಲಾ ಮಾಡ್ತಾಳಂತೆ. ಕ್ಲಾಟ್ ಅರ್ಜಿ ಯಾವಾಗ ಕರೀತಾರೆ?’ ಅರ್ಜಿ ಕರೆದದ್ದು ಹಿಂದಿನ ಜುಲೈಗೋ ಆಗಸ್ಟಿಗೋ. ಮುಗಿದದ್ದು ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲ ವಾರಕ್ಕೋ. ಇದನ್ನು ಹೇಳಿದಾಗ ಆ ಕಡೆ ಒಂದು ಕ್ಷಣ ಮಾತು ನಿಲ್ಲುತ್ತದೆ. ಆಮೇಲೆ ಬರುವ ಎರಡನೆಯ ಪ್ರಶ್ನೆ: ‘ಹೋಗಲಿ, ಸ್ಕಾಲರ್‌ಶಿಪ್ಪಿಗಾದರೂ ಟೈಮ್ ಇದೆಯಾ?’

ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಇಲ್ಲಿ ಹೇಳಬೇಕಿರುವ ವಿಷಯ. ಸೀಟಿನ ಪಂಚಾಂಗ ಒಂದು, ವಿದ್ಯಾರ್ಥಿವೇತನದ ಪಂಚಾಂಗ ಇನ್ನೊಂದು. ಎರಡನ್ನೂ ಬೇರೆ ಬೇರೆ ಜನ ಬರೆದಿದ್ದಾರೆ. ಮೊದಲನೆಯದು ಬೇಗ ಬರುತ್ತದೆ, ಬಂದ ಕೂಡಲೇ ದುಡ್ಡು ಕೇಳುತ್ತದೆ. ಎರಡನೆಯದು ತಡವಾಗಿ ಬರುತ್ತದೆ, ಅದೂ ಕಾಗದಗಳೆಲ್ಲ ಮೊದಲೇ ಸರಿಯಾಗಿದ್ದರೆ ಮಾತ್ರ.

ಕ್ಲಾಟ್ ಮೊದಲಿನಿಂದಲೂ ಡಿಸೆಂಬರಿನ ಪರೀಕ್ಷೆಯಲ್ಲ. ಕ್ಲಾಟ್ ಬರುವ ಮುಂಚೆ ಒಂದೊಂದು ಕಾನೂನು ವಿಶ್ವವಿದ್ಯಾಲಯವೂ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿತ್ತು. ಮಕ್ಕಳು ಊರೂರು ತಿರುಗಿ ಬರೆಯುತ್ತಿದ್ದರು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಬೆನ್ನಿಗೆ, 2008ರ ಮೇ ತಿಂಗಳಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಮೊದಲ ಕ್ಲಾಟ್ ನಡೆಸಿದವು. ಮೇ ಎಂದರೆ ಪಿಯುಸಿ ಪರೀಕ್ಷೆ ಮುಗಿದು ಉಸಿರಾಡುವ ಕಾಲ. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ ಬರೆದ ಹುಡುಗ ಏಪ್ರಿಲ್ ಪೂರ್ತಿ ಕೂತು ಓದಿದರೆ ಏನೋ ಒಂದು ದಾರಿ ಇತ್ತು. ಕೋವಿಡ್ ಬಂದು ಆ ಕ್ರಮವನ್ನೆಲ್ಲ ಕಲಸಿತು. 2020ರಲ್ಲಿ ಪರೀಕ್ಷೆ ಮತ್ತೆ ಮತ್ತೆ ಮುಂದೆ ಹೋಯಿತು. ವರ್ಷವನ್ನು ಮೂರು ಅವಧಿಗಳಾಗಿ ಕತ್ತರಿಸಿಕೊಂಡು ಪಾಠ ಮಾಡುವ ನಮ್ಮ ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲು ಆ ಸಾಲೇ ‘ಶೂನ್ಯ ವರ್ಷ’ವಾಗುತ್ತದೆಂದು ಹೆದರಿ, ಸೆಪ್ಟೆಂಬರ್ 12ಕ್ಕೆ ಎನ್‌ಎಲ್‌ಎಟಿ ಎಂಬ ಸ್ವಂತ ಪರೀಕ್ಷೆ ನಡೆಸಿಯೂಬಿಟ್ಟಿತು. ಸೆಪ್ಟೆಂಬರ್ 21ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ವಾರ ಕಳೆದು, 28ಕ್ಕೆ, ಎಲ್ಲರೂ ಕ್ಲಾಟನ್ನೇ ಬರೆದರು. 2022ರಲ್ಲಂತೂ ಒಂದೇ ವರ್ಷದಲ್ಲಿ ಎರಡು ಕ್ಲಾಟ್ ನಡೆದವು: ಜೂನ್ 19ಕ್ಕೆ ಆ ಸಾಲಿನದು, ಡಿಸೆಂಬರ್ 18ಕ್ಕೆ ಮುಂದಿನ ಸಾಲಿನದು. ಪರೀಕ್ಷೆ ಚಳಿಗಾಲಕ್ಕೆ ಸರಿದದ್ದು ಹಾಗೆ.

ಫಲಿತಾಂಶ, ಕೌನ್ಸೆಲಿಂಗ್ ಎಲ್ಲ ಮುಗಿದು ಜುಲೈಗೆ ತರಗತಿ ಶುರುವಾಗಲಿ ಎಂಬ ಲೆಕ್ಕ ಒಳ್ಳೆಯದೇ. ಆದರೆ ಈ ಬದಲಾವಣೆಯ ಬಿಸಿ ಎಲ್ಲರಿಗೂ ಒಂದೇ ಸಮ ತಟ್ಟಲಿಲ್ಲ. ಹನ್ನೊಂದನೇ ತರಗತಿಯಿಂದಲೇ ಕೋಚಿಂಗಿಗೆ ಹೋಗುವ ಬೆಂಗಳೂರಿನ, ದೆಹಲಿಯ ಮಕ್ಕಳಿಗೆ ಇದು ದಿನಾಂಕ ಬದಲಾದಷ್ಟೇ. ಪಿಯುಸಿ ಫಲಿತಾಂಶ ಬಂದ ಮೇಲೆ ಮುಂದೇನು ಎಂದು ಯೋಚಿಸುವುದು ರೂಢಿಯಾಗಿರುವ ಕಡೆ, ಅಂದರೆ ರಾಜ್ಯದ ಮುಕ್ಕಾಲು ಪಾಲು ತಾಲ್ಲೂಕುಗಳಲ್ಲಿ, ಅದು ಬಾಗಿಲು ಮುಚ್ಚಿದ ಹಾಗೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ ಎಂಬ ಗೋಡೆ ಅದರ ಆಚೆಗೆ. ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕೆಂಬ ಅರ್ಜಿ 2023ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿತ್ತು. ಭಾರತೀಯ ವಕೀಲರ ಪರಿಷತ್ತು ಅದರ ಪರವಾಗಿಯೇ ಮಾತಾಡಿತ್ತು.

ಅಂಕವೇ ಹಣವಾಗುವ ದೇಶ

ಸಮಯದ ಆಟ ಏನೆಂದು ಅರ್ಥವಾಗಲು ಒಮ್ಮೆ ಅಮೆರಿಕದ ಕಡೆ ನೋಡಬೇಕು. ಅಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಎರಡನೇ ತಲೆಮಾರಿನ ಮಕ್ಕಳು ಕಾನೂನಿಗೆ ಹೋಗುವುದು ಈಗ ಅಪರೂಪವಲ್ಲ. ಅಲ್ಲಿಂದ ರಜೆಗೆ ಬಂದ ನೆಂಟರು ಇಲ್ಲಿನವರಿಗೆ ಕೊಡುವ ಸಲಹೆ ದಾರಿ ತಪ್ಪಿಸುವುದೂ ಅಪರೂಪವಲ್ಲ. ಅಲ್ಲಿನ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್. ಅಂಕ 120ರಿಂದ 180ರವರೆಗೆ. ವರ್ಷದಲ್ಲಿ ಹಲವು ಸಲ ನಡೆಯುತ್ತದೆ, ಅಂಕ ಕಡಿಮೆಯಾಯಿತೆನಿಸಿದರೆ ಮತ್ತೆ ಬರೆಯಬಹುದು. ಜೀವಮಾನದಲ್ಲಿ ಏಳು ಸಲದ ಮಿತಿ. ಕಾಲೇಜುಗಳು ಸೆಪ್ಟೆಂಬರಿನ ಹೊತ್ತಿಗೆ ಅರ್ಜಿ ತೆಗೆದುಕೊಳ್ಳಲು ಶುರು ಮಾಡಿ, ಬಂದ ಹಾಗೆಲ್ಲ ಸೀಟು ಕೊಡುತ್ತ ಹೋಗುತ್ತವೆ. ಸೀಟಿನ ಜೊತೆಗೇ ಎಷ್ಟು ಸ್ಕಾಲರ್‌ಶಿಪ್ ಎಂದೂ ಹೇಳುತ್ತವೆ.

ಆ ಹಣ ದಾನವಲ್ಲ. ತನ್ನ ಹೊಸ ಬ್ಯಾಚಿನ ಎಲ್‌ಸ್ಯಾಟ್ ಅಂಕಗಳ ಮಧ್ಯಾಂಕ ಏರಿದರೆ ಕಾಲೇಜಿನ ರ‍್ಯಾಂಕಿಂಗ್ ಸುಧಾರಿಸುತ್ತದೆ. ಆದ್ದರಿಂದ ಮಧ್ಯಾಂಕಕ್ಕಿಂತ ಮೇಲಿರುವ ವಿದ್ಯಾರ್ಥಿಯನ್ನು ಅದು ರಿಯಾಯಿತಿ ಕೊಟ್ಟು ಕೊಂಡುಕೊಳ್ಳುತ್ತದೆ. ಕಾಲೇಜಿನ ಕೈಯಲ್ಲಿ ಸೀಟೂ ಹಣವೂ ಧಾರಾಳವಾಗಿರುವುದು ಹಂಗಾಮಿನ ಆರಂಭದಲ್ಲಿ. ಅದೇ ಅಂಕವನ್ನು ಫೆಬ್ರವರಿಯಲ್ಲಿ ತೆಗೆದುಕೊಂಡು ಹೋದರೆ ಸಿಗುವುದು ಕಡಿಮೆ. ಅಲ್ಲಿನ ಇಕ್ಕಟ್ಟು ಹುಟ್ಟುವುದು ಇಲ್ಲಿಂದ: ಈಗಿರುವ ಅಂಕದಲ್ಲಿ ಬೇಗ ಹಾಕುವುದೋ, ಜನವರಿಯ ಪರೀಕ್ಷೆ ಬರೆದು ಮೂರು ಅಂಕ ಹೆಚ್ಚಿಸಿಕೊಂಡು ತಡವಾಗಿ ಹಾಕುವುದೋ, ಇಲ್ಲವೇ ಒಂದು ವರ್ಷವೇ ಕಾಯುವುದೋ? ಬಹಳ ಮಂದಿಗೆ ಮೂರನೆಯದೇ ಲಾಭ. ಆ ಮೂರು ಅಂಕ ಹತ್ತಾರು ಸಾವಿರ ಡಾಲರ್ ತರಬಲ್ಲದು. ಇನ್ನು ಮುಂದಂತೂ ಈ ಲೆಕ್ಕ ಬಿಗಿಯಾಗುತ್ತದೆ. 2025ರ ಜುಲೈಯಲ್ಲಿ ಕಾಯ್ದೆಯಾದ ಹೊಸ ವ್ಯವಸ್ಥೆಯ ಪ್ರಕಾರ 2026ರ ಜುಲೈ 1ರ ನಂತರ ಕಾನೂನು ವಿದ್ಯಾರ್ಥಿಗೆ ಅಲ್ಲಿನ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮೀರುವಂತಿಲ್ಲ. ದೊಡ್ಡ ಕಾಲೇಜುಗಳ ಖರ್ಚು ಅದನ್ನು ಸುಲಭವಾಗಿ ದಾಟುತ್ತದೆ.

ಈ ಬುದ್ಧಿಯನ್ನು ಹಾಗೇ ಎತ್ತಿ ಇಲ್ಲಿ ತಂದಿಟ್ಟರೆ ಕೆಲಸ ಮಾಡುವುದಿಲ್ಲ. ಎನ್‌ಎಲ್‌ಯುಗಳಲ್ಲಿ ಕ್ಲಾಟ್ ರ‍್ಯಾಂಕ್ ಸೀಟು ಕೊಡಿಸುತ್ತದೆ, ಅಷ್ಟೇ. ಐನೂರನೇ ರ‍್ಯಾಂಕಿನವರೂ ಐದನೇ ರ‍್ಯಾಂಕಿನವರೂ ಒಂದೇ ಕಾಲೇಜಿಗೆ ಸೇರಿದರೆ ಕಟ್ಟುವ ಶುಲ್ಕ ಸಾಮಾನ್ಯವಾಗಿ ಒಂದೇ. ವಿದ್ಯಾರ್ಥಿವೇತನ ಬರುವುದು ಮನೆಯ ಆದಾಯ, ಜಾತಿ, ಅಂಗವೈಕಲ್ಯ, ಇಂಥ ಕಾರಣಗಳ ಮೇಲೆ, ಬಹುಪಾಲು ಸರ್ಕಾರದ ಕಡೆಯಿಂದ. ಆದ್ದರಿಂದ ‘ರ‍್ಯಾಂಕ್ ಒಳ್ಳೆಯದು ಬಂದರೆ ಸ್ಕಾಲರ್‌ಶಿಪ್ ತಾನಾಗಿ ಸಿಗುತ್ತೆ’ ಎಂದು ಕೂತವರಿಗೆ ಜುಲೈಯಲ್ಲಿ ಆಘಾತ ಕಾದಿರುತ್ತದೆ.

ಅಂಕಕ್ಕೆ ಹಣ ಕೊಡುವವರು ಇಲ್ಲಿಯೂ ಇದ್ದಾರೆ: ಖಾಸಗಿ ವಿಶ್ವವಿದ್ಯಾಲಯಗಳು. ಪ್ರವೇಶ ಪರೀಕ್ಷೆಯ ಅಂಕಕ್ಕೋ ಪಿಯುಸಿ ಪರ್ಸೆಂಟಿಗೋ ಶುಲ್ಕದಲ್ಲಿ ಇಷ್ಟು ಭಾಗ ಮಾಫಿ ಎನ್ನುತ್ತವೆ, ಬೇಗ ಬಂದವರಿಗೆ ಹೆಚ್ಚು ಕೊಡುತ್ತವೆ. ಅಲ್ಲಿ ಅಮೆರಿಕದ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ, ಅಮೆರಿಕದ ಎಚ್ಚರವೂ ಬೇಕಾಗುತ್ತದೆ. ಮಾಫಿ ಮೊದಲ ವರ್ಷಕ್ಕೆ ಮಾತ್ರವೋ ಐದೂ ವರ್ಷಕ್ಕೋ? ಮುಂದುವರಿಯಲು ಎಷ್ಟು ಸಿಜಿಪಿಎ ಬೇಕು? ಕಳೆದ ಬ್ಯಾಚಿನಲ್ಲಿ ಸ್ಕಾಲರ್‌ಶಿಪ್ ಪಡೆದವರಲ್ಲಿ ಎಷ್ಟು ಮಂದಿ ಅದನ್ನು ಎರಡನೇ ವರ್ಷಕ್ಕೆ ಉಳಿಸಿಕೊಂಡರು? ಅಮೆರಿಕದಲ್ಲಿ ಈ ಕೊನೆಯ ಸಂಖ್ಯೆಯನ್ನು ಕಾಲೇಜುಗಳು ಕಡ್ಡಾಯವಾಗಿ ಪ್ರಕಟಿಸಬೇಕು. ನಮ್ಮಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು, ಉತ್ತರವನ್ನು ಇ-ಮೇಲಿನಲ್ಲಿ ಬರೆಸಿಕೊಳ್ಳಬೇಕು. ಕೌಂಟರಿನಲ್ಲಿ ನಗುನಗುತ್ತ ಹೇಳಿದ ಮಾತಿಗೆ ಮುಂದಿನ ವರ್ಷ ಸಾಕ್ಷಿ ಇರುವುದಿಲ್ಲ. ಕಾನೂನು ಓದಲು ಹೊರಟವರಿಗೆ ಇದನ್ನು ಹೇಳಬೇಕಾಗಿರುವುದು ತಮಾಷೆಯೇ.

ಬೆಲೆ ಗೊತ್ತಾಗುವ ಮೊದಲೇ ಆಯ್ಕೆ

ಕ್ಲಾಟ್ ಫಲಿತಾಂಶ ಬರಲು ಹೆಚ್ಚು ದಿನ ಬೇಡ. ಡಿಸೆಂಬರ್ ಮಧ್ಯದೊಳಗೆ ರ‍್ಯಾಂಕ್ ಕೈಯಲ್ಲಿರುತ್ತದೆ. ಅದರ ಬೆನ್ನಿಗೇ ಕೌನ್ಸೆಲಿಂಗ್ ನೋಂದಣಿ. ಕಳೆದ ಕೆಲವು ಸಾಲುಗಳಲ್ಲಿ ಇದಕ್ಕೆ ಸಾಮಾನ್ಯ ವರ್ಗದವರು 30,000 ರೂಪಾಯಿ, ಮೀಸಲು ವರ್ಗದವರು 20,000 ರೂಪಾಯಿ ಕಟ್ಟಬೇಕಾಗಿತ್ತು. ಪರೀಕ್ಷೆಯ ಅರ್ಜಿಗೆ ಕಟ್ಟಿದ 4,000 ಅಥವಾ 3,500 ಬೇರೆ. ಯಾವ ವಿದ್ಯಾರ್ಥಿವೇತನದ ಪೋರ್ಟಲ್ಲೂ ಈ ಹಣ ಕೊಡುವುದಿಲ್ಲ. ಸೀಟು ಸಿಕ್ಕಿದ ಮೇಲೆ ಅದನ್ನು ಖಚಿತಪಡಿಸಿಕೊಳ್ಳಲು ಮತ್ತೊಂದು ಮೊತ್ತ, ಅದಕ್ಕೂ ಕೆಲವೇ ದಿನಗಳ ಗಡುವು. ಅಡಿಕೆಯೋ ಹತ್ತಿಯೋ ಮಾರಿದ ದುಡ್ಡು ಕೈಗೆ ಬರುವ ತಿಂಗಳು ಕೌನ್ಸೆಲಿಂಗ್ ನಡೆಸುವವರ ಲೆಕ್ಕದಲ್ಲಿ ಇರುವುದಿಲ್ಲ. ಹೀಗಾಗಿ ನವೆಂಬರ್ ಮುಗಿಯುವುದರೊಳಗೆ ಐವತ್ತು ಅರವತ್ತು ಸಾವಿರವನ್ನು ಬದಿಗಿಟ್ಟುಕೊಳ್ಳದೆ ಕೌನ್ಸೆಲಿಂಗಿಗೆ ಇಳಿಯಬಾರದು. ಯಾವ ಹಂತದಲ್ಲಿ ಹೊರಬಂದರೆ ಎಷ್ಟು ವಾಪಸು, ಎಷ್ಟು ಮುಳುಗಿತು ಎಂಬುದು ಆ ಸಾಲಿನ ಸೂಚನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಓದಬೇಕಾದದ್ದು ಅದನ್ನೇ.

ಇದಕ್ಕಿಂತ ಸೂಕ್ಷ್ಮವಾದದ್ದು ಆದ್ಯತಾ ಪಟ್ಟಿ. ಅಮೆರಿಕದ ವಿದ್ಯಾರ್ಥಿ ನಾಲ್ಕು ಕಾಲೇಜುಗಳ ಬೆಲೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಆರಿಸುತ್ತಾನೆ, ಚೌಕಾಸಿಯನ್ನೂ ಮಾಡುತ್ತಾನೆ. ನಮ್ಮವರು ಕಾಲೇಜುಗಳನ್ನು ಒಂದರ ಕೆಳಗೊಂದು ಬರೆದು ಕೊಡುವುದು ಡಿಸೆಂಬರಿನಲ್ಲಿ. ಎಲ್ಲಿ ಎಷ್ಟು ನೆರವು ಸಿಗುತ್ತದೆಂದು ತಿಳಿಯುವುದು ಸೇರಿ ತಿಂಗಳುಗಳಾದ ಮೇಲೆ. ಪಟ್ಟಿಯಲ್ಲಿ ಸೀಟು ಬಂದಾಗ ಮೂರು ದಾರಿ: ಫ್ರೀಜ್ ಎಂದರೆ ಇದೇ ಸಾಕು, ಫ್ಲೋಟ್ ಎಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಅಲ್ಲಿಗೆ, ಎಕ್ಸಿಟ್ ಎಂದರೆ ಹೊರಗೆ. ಫ್ಲೋಟ್ ಹಾಕಿದವರಿಗೆ ಮೇಲಿನ ಆದ್ಯತೆಯ ಸೀಟು ಬಂದರೆ ಹಿಂದಿನದು ಕೈಬಿಟ್ಟಂತೆಯೇ. ಆಮೇಲೆ ‘ಅಲ್ಲಿ ಹಾಸ್ಟೆಲ್ ದುಬಾರಿ, ಹಳೆಯದೇ ಕೊಡಿ’ ಎಂದರೆ ಕೇಳುವವರಿಲ್ಲ.

ಆದ್ದರಿಂದ ಪಟ್ಟಿ ಮಾಡುವಾಗ ಜನ ನೋಡುವ ರ‍್ಯಾಂಕಿಂಗಿನ ಜೊತೆಗೆ ಇನ್ನೊಂದು ಕಾಲಂ ಹಾಕಿಕೊಳ್ಳಬೇಕು: ಹಾಸ್ಟೆಲ್, ಊಟ ಸೇರಿ ಮೊದಲ ವರ್ಷದ ಮೊತ್ತ, ಮತ್ತು ಆ ಸಂಸ್ಥೆಗೆ ತನ್ನದೇ ಶುಲ್ಕ ಮಾಫಿ ವ್ಯವಸ್ಥೆ ಇದೆಯೇ ಎಂಬ ಮಾಹಿತಿ. ಎನ್‌ಎಲ್‌ಯುಗಳಲ್ಲಿ ವರ್ಷಕ್ಕೆ ಎರಡೂವರೆ ಲಕ್ಷದಿಂದ ನಾಲ್ಕು ಲಕ್ಷದ ಆಸುಪಾಸು ಆಗುತ್ತದೆ. ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಹನ್ನೆರಡನೇ ಸ್ಥಾನದ ಕಾಲೇಜಿಗೂ ಹದಿನೈದನೆಯದಕ್ಕೂ ಇರುವ ವ್ಯತ್ಯಾಸ ಹೆಸರಿನಲ್ಲಿ ಅಲ್ಪ, ಹಣದಲ್ಲಿ ಲಕ್ಷಗಳು. ಮೊದಲ ಐದಾರು ಹೆಸರುಗಳನ್ನು ಬಿಟ್ಟರೆ ಕೆಳಗಿನವುಗಳನ್ನು ಖರ್ಚಿನ ಪ್ರಕಾರ ಜೋಡಿಸಿದರೂ ತಪ್ಪೇನಿಲ್ಲ ಎಂಬುದು ನನ್ನ ಅಭಿಪ್ರಾಯ. ಕೋಚಿಂಗಿನವರು ಒಪ್ಪಲಿಕ್ಕಿಲ್ಲ.

ಕರ್ನಾಟಕದ ಮಕ್ಕಳಿಗೆ ಒಂದು ಅನುಕೂಲವಿದೆ. ರಾಜ್ಯದ 1986ರ ಕಾಯ್ದೆಯಿಂದ ಹುಟ್ಟಿ, ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಮೊದಲ ಬ್ಯಾಚ್ ತೆಗೆದುಕೊಂಡ ನ್ಯಾಷನಲ್ ಲಾ ಸ್ಕೂಲಿನಲ್ಲಿ ಬಹಳ ಕಾಲ ರಾಜ್ಯದವರಿಗೆ ಮೀಸಲು ಇರಲಿಲ್ಲ. 2020ರಲ್ಲಿ ವಿಧಾನಮಂಡಲ ಶೇ 25 ಮೀಸಲು ತಂದಿತು. ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ಹೊಡೆದು ಹಾಕಿತು. ಮರುವರ್ಷ ಸಂಸ್ಥೆಯೇ ತನ್ನ ವಿಸ್ತರಣಾ ಯೋಜನೆಯಡಿ ಶೇ 25 ಅನ್ನು ಜಾರಿಗೆ ತಂದಿತು, ಸೀಟುಗಳನ್ನೂ ಹೆಚ್ಚಿಸುತ್ತ ಹೋಯಿತು. ಈಗ ಸೀಟುಗಳು 200 ದಾಟಿವೆ. ಅರ್ಹತೆ: ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಓದು. ಬೆಂಗಳೂರಿನಲ್ಲಿ ಹತ್ತು ವರ್ಷ ಓದಿದ, ಕನ್ನಡದ ಒಂದು ಸಾಲು ಓದಲು ಬಾರದ ಮಗುವಿಗೂ ಇದು ಸಿಗುತ್ತದೆ. ಕಾಸರಗೋಡಿನ ಕನ್ನಡ ಶಾಲೆಯಲ್ಲೇ ಹತ್ತು ವರ್ಷ ಕಳೆದ ಮಗುವಿಗೆ ಸಿಗುವುದಿಲ್ಲ. ಬೇರೆ ರಾಜ್ಯಗಳ ಬಹುತೇಕ ಎನ್‌ಎಲ್‌ಯುಗಳಲ್ಲಿ ಇಂಥದೇ ಸ್ಥಳೀಯ ಮೀಸಲು ನಮ್ಮ ಮಕ್ಕಳಿಗೆ ಎದುರಾಗಿ ನಿಲ್ಲುತ್ತದೆ. ಹೀಗಾಗಿ ಕರ್ನಾಟಕದ ವಿದ್ಯಾರ್ಥಿಯ ರ‍್ಯಾಂಕಿಗೆ ಹೆಚ್ಚು ಬೆಲೆ ಇರುವುದು ನಾಗರಬಾವಿಯಲ್ಲಿ. ಆದರೆ ಆ ಮೀಸಲನ್ನು ಕೋರಬೇಕಾದದ್ದು ಕ್ಲಾಟ್ ಅರ್ಜಿಯಲ್ಲೇ, ಅದರ ಗಡುವಿನೊಳಗೆ. ಸೈಬರ್ ಸೆಂಟರಿನ ಹುಡುಗ ಆ ಚೌಕಕ್ಕೆ ಟಿಕ್ ಹಾಕಲು ಮರೆತರೆ, ಜನವರಿಯಲ್ಲಿ ವ್ಯಾಸಂಗ ಪ್ರಮಾಣಪತ್ರಗಳ ಕಟ್ಟು ಹಿಡಿದು ಓಡಾಡಿ ಏನು ಪ್ರಯೋಜನ?

ನಾಡಕಚೇರಿಯ ಋತು

ಜಾತಿ, ಆದಾಯದ ಕಾಗದಗಳಲ್ಲಿ ಒಂದು ವಿಚಿತ್ರ ಸಮಸ್ಯೆ ಇದೆ. ಒಂದೇ ಮನೆಗೆ ಎರಡು ಬಗೆಯ ಪ್ರಮಾಣಪತ್ರ ಬೇಕಾಗುತ್ತದೆ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ನಮ್ಮ ವರ್ಗೀಕರಣದ ಜಾತಿ-ಆದಾಯ ಪ್ರಮಾಣಪತ್ರ, ಅದರ ಮೇಲಿನ ಆರ್.ಡಿ. ನಂಬರು. ನ್ಯಾಷನಲ್ ಲಾ ಸ್ಕೂಲಿನ ಒಬಿಸಿ ಸೀಟಿಗೆ ಕೇಂದ್ರದ ಪಟ್ಟಿಯ, ಕೆನೆಪದರಕ್ಕೆ ಸೇರದವರೆಂಬ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿರುವ ಜಾತಿಗಳೆಲ್ಲ ಕೇಂದ್ರದ ಪಟ್ಟಿಯಲ್ಲಿಲ್ಲ. 2ಎ ಇದೆ ಎಂದ ಮಾತ್ರಕ್ಕೆ ಕೇಂದ್ರದ ಒಬಿಸಿ ಎಂದು ತಿಳಿದು ಅರ್ಜಿ ತುಂಬಿದವರು ಕೌನ್ಸೆಲಿಂಗಿನಲ್ಲಿ ಸಾಮಾನ್ಯ ವರ್ಗಕ್ಕೆ ಜಾರುತ್ತಾರೆ. ಇನ್ನು ಆರ್ಥಿಕವಾಗಿ ದುರ್ಬಲ ವರ್ಗದ (ಇಡಬ್ಲ್ಯುಎಸ್) ಪ್ರಮಾಣಪತ್ರ ಆರ್ಥಿಕ ವರ್ಷಕ್ಕೆ ಕಟ್ಟುಬಿದ್ದದ್ದು: ಅಕ್ಟೋಬರಿನಲ್ಲಿ ಮಾಡಿಸಿದ್ದು ಏಪ್ರಿಲ್ 1 ದಾಟಿದ ಕೂಡಲೇ ಹಳತಾಗುತ್ತದೆ, ಪ್ರವೇಶದ ಹೊತ್ತಿಗೆ ಹೊಸದು ಕೇಳುವ ಸಾಧ್ಯತೆ ಇರುತ್ತದೆ. ರಾಜ್ಯದ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸು. ಮೂರಕ್ಕೂ ಮೂರು ಬಗೆಯ ಗಡಿಯಾರ.

ನಾಡಕಚೇರಿಯಲ್ಲಿ ಜೂನ್, ಜುಲೈ ಎಂದರೆ ಜಾತ್ರೆ. ಸಿಇಟಿಯವರು, ಡಿಪ್ಲೊಮಾದವರು, ಹಾಸ್ಟೆಲಿನವರು ಎಲ್ಲ ಒಟ್ಟಿಗೆ ಬರುತ್ತಾರೆ. ಸರ್ವರ್ ಇಲ್ಲ ಎಂಬ ಚೀಟಿ ಬಾಗಿಲಿಗೆ ಅಂಟುತ್ತದೆ. ಪ್ರಥಮ ಪಿಯುಸಿ ಮುಗಿದ ಬೇಸಿಗೆಯಲ್ಲಿ ಈ ಕೆಲಸ ಮುಗಿಸಿಕೊಂಡವರಿಗೆ ಆ ಜಾತ್ರೆಯ ಗೋಜಿಲ್ಲ. ಆಧಾರ್‌ನಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಜಾತಿ ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದು ನೋಡುವುದಕ್ಕೂ ಅದೇ ಸಮಯ. ಅಪ್ಪನ ಹೆಸರಿನ ಇನಿಶಿಯಲ್ ಹಿಂದೆ ಮುಂದೆ ಆದದ್ದಕ್ಕೆ ತಿಂಗಳುಗಟ್ಟಲೆ ನಿಂತ ಅರ್ಜಿಗಳಿವೆ. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂದರೆ ಸಾಲದು, ನೇರ ವರ್ಗಾವಣೆಯ ಹಣ ಬರಲು ಆ ಖಾತೆ ಎನ್‌ಪಿಸಿಐ ಮ್ಯಾಪಿಂಗಿನಲ್ಲಿ ಇರಬೇಕು. ಬ್ಯಾಂಕಿನಲ್ಲಿ ಈ ಮಾತನ್ನೇ ಹೇಳಿ ಕೇಳಬೇಕು. ಇಲ್ಲವಾದರೆ ‘ಆಗಿದೆ, ಹೋಗಿ’ ಎಂದು ಕಳಿಸುತ್ತಾರೆ.

ಈಗ ಹಣದ ಮೂಲಗಳಿಗೆ ಬರೋಣ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ದೊಡ್ಡದು ಕೇಂದ್ರದ ‘ಟಾಪ್ ಕ್ಲಾಸ್’ ಯೋಜನೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು, ಪಟ್ಟಿಯಲ್ಲಿರುವ ಸಂಸ್ಥೆಗೆ ಸೇರಿದರೆ ಬೋಧನಾ ಶುಲ್ಕವನ್ನು ಅದು ಭರಿಸುತ್ತದೆ. ಎನ್‌ಎಲ್‌ಯುಗಳು ಆ ಪಟ್ಟಿಯಲ್ಲಿವೆ. ಆದರೆ ಸಂಸ್ಥೆಗೆ ಇಂತಿಷ್ಟೇ ಎಂದು ಸ್ಲಾಟುಗಳು, ಮತ್ತು ಹೊಸದಾಗಿ ಕೊಡುವುದು ಮೊದಲ ವರ್ಷಕ್ಕೆ ಸೇರಿದವರಿಗೆ. ಮೊದಲ ವರ್ಷ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಿನ ದಿನಾಂಕ ತಪ್ಪಿಸಿಕೊಂಡರೆ ನಷ್ಟ ಒಂದು ವರ್ಷದ್ದಲ್ಲ, ಐದು ವರ್ಷದ್ದು. ಸೇರಿದ ಮೊದಲ ವಾರವೇ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದ ಗುಮಾಸ್ತರ ಪರಿಚಯ ಮಾಡಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಪ್ರೊಫೆಸರುಗಳ ಪರಿಚಯಕ್ಕೆ ಐದು ವರ್ಷ ಇದ್ದೇ ಇದೆ.

ಉಳಿದಂತೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಕೃಷಿಕರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ, ಅಭಿವೃದ್ಧಿ ನಿಗಮಗಳ ‘ಅರಿವು’ ಶೈಕ್ಷಣಿಕ ಸಾಲ. ಇವುಗಳ ಬಾಗಿಲು ತೆರೆಯುವುದು ತರಗತಿ ಶುರುವಾದ ಮೇಲೆ, ಕಾಲೇಜು ದೃಢೀಕರಿಸಿದ ನಂತರ. ಹಣ ಖಾತೆಗೆ ಬರುವುದು ಇನ್ನೂ ತಡ. ಜುಲೈಯಲ್ಲಿ ಕಟ್ಟಬೇಕಾದ ಮೊದಲ ಕಂತಿಗೆ ಇವುಗಳಲ್ಲಿ ಯಾವುದನ್ನೂ ನಂಬಿಕೊಳ್ಳುವಂತಿಲ್ಲ.

ಆ ನಡುವಿನ ಹಳ್ಳ ದಾಟಿಸುವುದು ಬ್ಯಾಂಕ್ ಸಾಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಆಧಾರದ ಮೇಲೆ ಆರಿಸಿದ ಸುಮಾರು 860 ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗಬೇಕು. ಕಾನೂನು ವಿಭಾಗದಲ್ಲಿ ವರ್ಷ ವರ್ಷವೂ ಮೊದಲ ಸ್ಥಾನದಲ್ಲಿರುವ ನಮ್ಮ ಲಾ ಸ್ಕೂಲಿಗೆ ಅರ್ಹತೆಯ ಪ್ರಶ್ನೆಯೇ ಏಳುವುದಿಲ್ಲ. ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ. ಆದರೆ ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗೆ ಈ ಬಡ್ಡಿ ರಿಯಾಯಿತಿ ಇಲ್ಲ. ಅಂದರೆ ಯಾವುದನ್ನು ಮೊದಲು ಒಪ್ಪಿಕೊಳ್ಳಬೇಕು ಎಂಬುದು ಲೆಕ್ಕದ ಪ್ರಶ್ನೆ. ವರ್ಷಕ್ಕೆ ಕೆಲವೇ ಸಾವಿರ ಬರುವ ವಿದ್ಯಾರ್ಥಿವೇತನವೋ, 10 ಲಕ್ಷದ ಮೇಲಿನ ಶೇ 3 ಬಡ್ಡಿಯೋ? ಪೂರ್ಣ ಸಾಲ ಪಡೆದವರಿಗೆ ಆ ಶೇ 3 ಎಂದರೆ ವರ್ಷಕ್ಕೆ 30,000 ರೂಪಾಯಿ. ಬ್ಯಾಂಕಿನ ಮಂಜೂರಾತಿಗೆ ವಾರಗಳು ಹಿಡಿಯುವುದರಿಂದ, ಸೀಟು ಹಂಚಿಕೆ ಪತ್ರ ಬಂದ ಮರುದಿನವೇ ಅರ್ಜಿ ಹಾಕಬೇಕು. ಪಿಯುಸಿ ಫಲಿತಾಂಶ ಬರಲಿ ಎಂದು ಏಪ್ರಿಲ್‌ವರೆಗೆ ಕಾದು ಕೂರುವುದು ಬೇಡ.

ಇವೆಲ್ಲವನ್ನೂ ಹದಿನೇಳು ವರ್ಷದ ಮಗು ಒಬ್ಬಂಟಿಯಾಗಿ ಮಾಡಲಾರದು ಎಂಬುದನ್ನು ಗುರುತಿಸಿದವರಲ್ಲಿ ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಶೀರ್ ಮುಖ್ಯರು. ಎನ್‌ಎಲ್‌ಯುಗಳಲ್ಲಿ ಬಡವರ, ಹಳ್ಳಿಯವರ, ಅಂಗವಿಕಲರ ಮಕ್ಕಳೇ ಕಾಣುತ್ತಿಲ್ಲವೆಂದು 2010ರಲ್ಲಿ ಅವರು ‘ಐಡಿಯಾ’ ಎಂಬ ಸಂಸ್ಥೆ ಕಟ್ಟಿದರು. 2019ರ ಆಗಸ್ಟಿನಲ್ಲಿ ಅವರು ತೀರಿಕೊಂಡದ್ದು ನಮ್ಮ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ದಾರಿಯಲ್ಲಿ. ಸಂಸ್ಥೆ ಇಂದಿಗೂ ನಡೆಯುತ್ತಿದೆ. ಅದು ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡುವುದಷ್ಟೇ ಅಲ್ಲದೆ ಸೀಟು ಸಿಕ್ಕ ಮೇಲೆ ಶುಲ್ಕಕ್ಕೂ ದಾನಿಗಳನ್ನು ಹುಡುಕುತ್ತದೆ. ಸೀಟು, ಹಣ ಎರಡರ ಪಂಚಾಂಗವನ್ನೂ ಒಬ್ಬರೇ ಹಿಡಿದು ನಡೆಸಿದರೆ ಏನಾಗುತ್ತದೆಂದು ಆ ಮಕ್ಕಳನ್ನು ನೋಡಿದರೆ ಗೊತ್ತಾಗುತ್ತದೆ. ಇಂಥ ನೆರವಿಗೂ ಪಿಯುಸಿ ಮುಗಿದ ಮೇಲೆ ಹೋದರೆ ತಡ. ಪ್ರಥಮ ಪಿಯುಸಿಯಲ್ಲೇ ಸಂಪರ್ಕಿಸಬೇಕು.

ಒಂದು ವರ್ಷ ಕಾಯಬೇಕೆ?

ಡ್ರಾಪ್ ಹಾಕುವ ವಿಚಾರದಲ್ಲಿ ನನ್ನದು ಸ್ವಲ್ಪ ಕಠಿಣ ನಿಲುವು. ಕ್ಲಾಟಿಗೆ ವಯಸ್ಸಿನ ಮಿತಿಯಿಲ್ಲ, ಪಿಯುಸಿಯಲ್ಲಿ ಶೇ 45, ಪರಿಶಿಷ್ಟರಿಗೆ ಶೇ 40 ಇದ್ದರೆ ಸಾಕು. ಕಾಯಲು ಅಡ್ಡಿಯೇನಿಲ್ಲ. ಆದರೆ ಅಂಕ ಆ ಸಾಲಿಗಷ್ಟೇ, ಪರೀಕ್ಷೆ ವರ್ಷಕ್ಕೊಂದೇ ಸಲ. ಎಲ್‌ಸ್ಯಾಟಿನಂತೆ ಮೂರು ತಿಂಗಳು ಬಿಟ್ಟು ಮತ್ತೆ ಕೈ ನೋಡುವಂತಿಲ್ಲ. ಇನ್ನೊಂದು ವರ್ಷದ ಕೋಚಿಂಗ್, ಊಟ, ಬಾಡಿಗೆ ಸೇರಿಸಿದರೆ ಕೆಳಗಿನ ಹಂತದ ಎನ್‌ಎಲ್‌ಯುನ ಅರ್ಧ ವರ್ಷದ ಶುಲ್ಕ ಹೋಗಿರುತ್ತದೆ. ಎರಡು ಸಾವಿರದ ರ‍್ಯಾಂಕನ್ನು ಸಾವಿರದ ಐನೂರಕ್ಕೆ ತರಲು ಇದನ್ನು ಮಾಡುವುದು ದುಂದು. ಹೆಚ್ಚು ಹಣವೇನೂ ಬರುವುದಿಲ್ಲ, ಕಾಲೇಜಿನ ಹೆಸರು ಬದಲಾದೀತು ಅಷ್ಟೇ. ಪಿಯುಸಿ ಫಲಿತಾಂಶದ ಮೇಲೆ ಮೊದಲ ಬಾರಿಗೆ ಕ್ಲಾಟ್ ಹೆಸರು ಕೇಳಿದ ತಾಲ್ಲೂಕಿನ ಹುಡುಗಿಯ ವಿಷಯ ಬೇರೆ. ಅವಳು ಸೋತವಳಲ್ಲ, ಪರೀಕ್ಷೆ ಬರೆದೇ ಇಲ್ಲ. ಅವಳು ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಎಂಟು ತಿಂಗಳು ದಿನಕ್ಕೆರಡು ಇಂಗ್ಲಿಷ್ ಸಂಪಾದಕೀಯ ಓದುತ್ತ ಕೂತರೆ, ಆ ಕಾಯುವಿಕೆಗೆ ಅರ್ಥವಿದೆ.

ಕಾಯುವವರೂ ಕಾಯದವರೂ ಒಂದೇ ಪರೀಕ್ಷೆಯ ಮೇಲೆ ಎಲ್ಲವನ್ನೂ ಇಡಬಾರದು ಎಂಬುದಕ್ಕೆ 2025ರ ಪ್ರವೇಶವೇ ನಿದರ್ಶನ. ಹಿಂದಿನ ಡಿಸೆಂಬರ್ 1ರ ಕ್ಲಾಟಿನ ಕೀ ಉತ್ತರಗಳಲ್ಲಿ ತಪ್ಪಿದೆಯೆಂದು ಡಿಸೆಂಬರ್ 20ಕ್ಕೆ ದೆಹಲಿ ಹೈಕೋರ್ಟ್ ಹೇಳಿತು; ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನೆಲ್ಲ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಲ್ಲಿಗೇ ಕಳಿಸಿತು; ಏಪ್ರಿಲ್ 23ಕ್ಕೆ ವಿಭಾಗೀಯ ಪೀಠದ ತೀರ್ಪು, ಮೇ 7ಕ್ಕೆ ಸುಪ್ರೀಂ ಕೋರ್ಟಿನ ಅಂತಿಮ ಮಾತು. ಡಿಸೆಂಬರಿನಲ್ಲಿ ಶುರುವಾಗಬೇಕಿದ್ದ ಕೌನ್ಸೆಲಿಂಗ್ ಮೇ ತಿಂಗಳಿಗೆ ಹೋಯಿತು. ಈ ನಡುವೆ ಖಾಸಗಿ ವಿಶ್ವವಿದ್ಯಾಲಯಗಳು ‘ಸೀಟು ಹಿಡಿದಿಡಲು ಇಂದೇ ಕಟ್ಟಿ’ ಎನ್ನುತ್ತಿದ್ದವು. ಅಂಥ ಹೊತ್ತಿನಲ್ಲಿ ಯುಜಿಸಿಯ ಶುಲ್ಕ ವಾಪಸಾತಿ ನಿಯಮ ನೆನಪಿರಬೇಕು. 2024-25ರ ಸಾಲಿಗೆ ಅದು ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದು ಮಾಡಿಕೊಂಡವರಿಗೆ ಪೂರ್ಣ ಶುಲ್ಕ, ಅಕ್ಟೋಬರ್ 31ರೊಳಗಾದರೆ ಹೆಚ್ಚೆಂದರೆ 1,000 ರೂಪಾಯಿ ಮುರಿದುಕೊಂಡು ಉಳಿದದ್ದನ್ನು ವಾಪಸು ಕೊಡಬೇಕೆಂದಿತ್ತು. ಕೊಡಲು ಸತಾಯಿಸುವವರ ಮುಂದೆ ಇಡಬೇಕಾದ ಕಾಗದ ಅದು.

ಪಕ್ಕದ ದಾರಿಗಳೂ ಇವೆ. ದೆಹಲಿಯ ಎನ್‌ಎಲ್‌ಯು ಕ್ಲಾಟಿನ ಹೊರಗಿದ್ದು, ಅದರ ಐಲೆಟ್ ಪರೀಕ್ಷೆ ವಾರ ಬಿಟ್ಟು ನಡೆಯುತ್ತದೆ. ಓದು ಬಹುಪಾಲು ಅದೇ. ಬೆಳಗಾವಿ, ವಿಜಯಪುರದವರಿಗೆ ಬೆಂಗಳೂರಿಗಿಂತ ಹತ್ತಿರವೆನಿಸುವ ಪುಣೆಯ ಐಎಲ್‌ಎಸ್ ಕಾಲೇಜಿಗೆ ಮಹಾರಾಷ್ಟ್ರದ ಸಿಇಟಿ ಇದೆ, ಅದು ನಡೆಯುವುದು ಪಿಯುಸಿ ಪರೀಕ್ಷೆ ಮುಗಿದ ಮೇಲೆ. ನಾಗರಬಾವಿಯ ಲಾ ಸ್ಕೂಲು 2022ರಿಂದ ಯಾವುದೇ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌ಬಿ ಶುರು ಮಾಡಿದೆ. ಅದಕ್ಕೆ ಎನ್‌ಎಲ್‌ಸ್ಯಾಟ್ ಎಂಬ ಬೇರೆಯದೇ ಪರೀಕ್ಷೆ. ಊರ ಹತ್ತಿರದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಇಂಗ್ಲಿಷನ್ನು ಕೈವಶ ಮಾಡಿಕೊಂಡು, ಇಪ್ಪತ್ತೊಂದಕ್ಕೆ ಆ ಬಾಗಿಲು ತಟ್ಟುವುದು ಡ್ರಾಪ್ ವರ್ಷಕ್ಕಿಂತ ಎಷ್ಟೋ ಮೇಲು.

ಹುಬ್ಬಳ್ಳಿಯ ನವನಗರದಲ್ಲಿರುವ, 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಂತೂ ಪ್ರವೇಶ ಪರೀಕ್ಷೆಯನ್ನೇ ಕೇಳುವುದಿಲ್ಲ. ಪಿಯುಸಿ ಅಂಕಪಟ್ಟಿ ಸಾಕು. ಪಿಯುಸಿ ಫಲಿತಾಂಶದ ನಂತರ ಅರ್ಜಿ, ಕನ್ನಡದಲ್ಲಿ ಪರೀಕ್ಷೆ ಬರೆಯುವ ಅವಕಾಶ, ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶುಲ್ಕ ಸಾವಿರಗಳ ಲೆಕ್ಕದಲ್ಲಿ. ಎಸ್‌ಎಸ್‌ಪಿ ಹಣ ತಡವಾಗಿ ಬಂದರೂ ಇಲ್ಲಿ ಮುಳುಗಿ ಹೋಗುವುದಿಲ್ಲ, ಏಕೆಂದರೆ ಕೈಯಿಂದ ಹಾಕಬೇಕಾದ ಮೊತ್ತವೇ ಚಿಕ್ಕದು. ಪದವಿ ಮುಗಿದ ಮೇಲೆ ಹಿರಿಯ ವಕೀಲರ ಬಳಿ ತರಬೇತಿ ಪಡೆಯುವ ಪರಿಶಿಷ್ಟ ಜಾತಿಯ ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆಯ ಮಾಸಿಕ ಶಿಷ್ಯವೇತನವೂ ಇದೆ. ಕ್ಲಾಟ್ ಬರೆದು ಒಳ್ಳೆಯ ರ‍್ಯಾಂಕ್ ಬಾರದವರು ಕಾನೂನೇ ಬೇಡ ಎಂದು ಬಿ.ಕಾಂ.ಗೆ ಸೇರುವ ಮೊದಲು ಹತ್ತಿರದ ಇಂಥ ಕಾಲೇಜಿಗೆ ಮೇ ಕೊನೆಯ ವಾರ ಒಮ್ಮೆ ಹೋಗಿ ಬರಬೇಕು. ಟಿಸಿ, ಆರ್.ಡಿ. ನಂಬರು, ಬ್ಯಾಂಕ್ ಪಾಸ್‌ಬುಕ್ಕು ಜೊತೆಯಲ್ಲಿರಲಿ. ಅರ್ಜಿ ಅಲ್ಲೇ ತುಂಬಬಹುದು.